ಬಾಕಿ ಉಳಿದ ಭೈರವಿ

ನಮ್ಮ ಮಾಸ್ತರರು ಇದ್ದಲ್ಲಿ ಏನಾದರೊಂದು ಫಜೀತಿ ಆಗದೆ ಇರುತ್ತಿರಲಿಲ್ಲ. ಅವರು ಹುಡುಕಿಕೊಂಡು ಹೋಗುತ್ತಿರಲಿಲ್ಲ, ಪಾಪ, ಅದೇ ವಿಳಾಸ ಕೇಳಿಕೊಂಡು ಬರುತ್ತಿತ್ತು.

ಮೊನ್ನೆ ಧಾರವಾಡದಲ್ಲಿ ಅವರ ಶ್ರದ್ಧಾಂಜಲಿ ಸಭೆ. ಝಾಂಜಿಬಾರ್, ಇಥಿಯೋಪಿಯಾ, ಏಡನ್, ಕುವೈತ್ ಅಂತ ಅರ್ಧ ಭೂಗೋಳ ಸುತ್ತಿ ಮಕ್ಕಳಿಗೆ ಭೂಗೋಳ ಕಲಿಸಿದವರು, ಹೋದಲ್ಲೆಲ್ಲ ಹಾರ್ಮೋನಿಯಂ ಹೊತ್ತುಕೊಂಡು ಹೋಗಿ ಹಾಡಿದವರು, ಎಂಬತ್ತು ದಾಟಿದ ಮೇಲೆ ನಿದ್ದೆಯಲ್ಲೇ ಹೋದರು. ವೇದಿಕೆಯ ಮೇಲೆ ಒಬ್ಬರು ಅವರನ್ನು ಋಷಿ ಅಂದರು, ಇನ್ನೊಬ್ಬರು ಹಿಮಾಲಯ ಅಂದರು. ಮುಂದಿನ ಸಾಲಿನಲ್ಲಿದ್ದ ಅವರ ಹೆಂಡತಿ, ನಮಗೆಲ್ಲ ಕಾಕು, ನನ್ನ ಕಡೆ ಬಾಗಿದರು. "ತಮ್ಮಾ, ಇವರು ಹೇಳೋ ಮನುಷ್ಯಾನ್ನ ನಾ ಒಮ್ಮೆನೂ ನೋಡಿಲ್ಲ. ಕುವೈತಿನ್ಯಾಗ ನಿನ್ನ ತಲಿ ಮ್ಯಾಲೆ ಇದ್ದವರ ಬಗ್ಗೆ ನೀನರ ನಾಕು ಖರೇ ಮಾತು ಹೇಳು" ಅಂದರು.

ತಲೆ ಮೇಲೆ ಅಂದದ್ದು ಸುಳ್ಳಲ್ಲ. ೧೯೯೦ರಲ್ಲಿ ಕುವೈತಿನ ಸಾಲ್ಮಿಯಾದ ಆ ಕಟ್ಟಡದಲ್ಲಿ ಅವರದು ಮೂರನೇ ಮಹಡಿ, ನನ್ನದು ಎರಡನೆಯದು.

ಊಟದ ರಾಗ

ನಾನು ತುಮಕೂರು ಕಡೆಯವನು, ಕುವೈತಿನ ಬ್ಯಾಂಕೊಂದರಲ್ಲಿ ಕೆಲಸ. ಸಂಗೀತದಲ್ಲಿ ನನಗೆ ಗೊತ್ತಿದ್ದದ್ದು ಒಂದೇ ಒಂದು ರಾಗದ ಹೆಸರು. ಪ್ರತಿ ಶುಕ್ರವಾರ ಮಾಸ್ತರರ ಮನೆಯಲ್ಲಿ ಬೈಠಕ್ ನಡೆಯುತ್ತಿತ್ತು. ಮೊದಲ ಸಲ ಹೋದಾಗ ಅವರು ಪೇಟಿಯ ಮುಂದೆ ಕೂತು (ಧಾರವಾಡದವರಿಗೆ ಹಾರ್ಮೋನಿಯಂ ಅಂದರೆ ಪೇಟಿ) "ಇವತ್ತ ನೀ ಹೊಸಬ. ಏನು ಹಾಡ್ಲಿ, ಹೇಳಪಾ" ಅಂದರು.

"ಭೈರವಿ ಹಾಡಿ ಸಾರ್."

ಹಾಲಿನಲ್ಲಿದ್ದವರೆಲ್ಲ ನನ್ನನ್ನು ಬಹಳ ಪ್ರೀತಿಯಿಂದ ನೋಡಿದರು. ಪಕ್ಕದಲ್ಲಿದ್ದ ಇಂಜಿನಿಯರ್ ಒಬ್ಬರು ಕೈಯನ್ನೇ ಕುಲುಕಿದರು. ಆಮೇಲೆ ತಿಳಿಯಿತು, ಅವರ ಪದ್ಧತಿಯಲ್ಲಿ ಭೈರವಿ ಕೊನೆಯ ರಾಗ. ಅದನ್ನು ಹಾಡಿದ ಮೇಲೆ ಬೇರೆ ಹಾಡುವಂತಿಲ್ಲ, ಎದ್ದು ಎಲೆ ಹಾಕಬೇಕು. ಮಾಸ್ತರರು ನೊಂದ ದನಿಯಲ್ಲಿ "ಕೂಡೂಕಿಂತ ಮೊದಲ ಎಬ್ಬಸ್ತೀಯೇನೋ ತಮ್ಮಾ?" ಅಂದರು. ಅಡುಗೆಮನೆಯಿಂದ ಕಾಕು ಕೂಗಿದರು: "ಯಾರದು ಭೈರವಿ ಅಂದವರು? ಇನ್ನ ಬದನೀಕಾಯಿ ಹೆಚ್ಚಿಲ್ಲ!"

ಆ ರಾಗದ ಗುರುತು ನಮ್ಮೆಲ್ಲರಿಗಿಂತ ಚೆನ್ನಾಗಿ ಸಿಕ್ಕಿದ್ದದ್ದು ಹಾರಿಸ್‌ಗೆ. ಹಾರಿಸ್ ಅಂದರೆ ಕಟ್ಟಡದ ಕಾವಲುಗಾರ, ಈಜಿಪ್ಟಿನವನು, ಶುಕ್ರವಾರ ಮಧ್ಯಾಹ್ನ ನಿದ್ದೆ ಮಾಡಬೇಕೆಂಬ ಆಸೆಯ ಮನುಷ್ಯ. ಭೈರವಿ ಮೆಟ್ಟಿಲಿಳಿದು ಅವನ ಕೋಣೆ ಮುಟ್ಟಿದ ಕೂಡಲೇ ಮೇಲೆ ಬಂದು, ಬಾಗಿಲಲ್ಲಿ ತಲೆ ಹಾಕಿ "ಖಲಾಸ್?" ಅನ್ನುತ್ತಿದ್ದ, ಮುಗೀತಾ ಅಂತ. ಕಾಕು ಅವನ ಕೈಗೆ ರೊಟ್ಟಿ, ಎಣಗಾಯಿ ಇಟ್ಟು "ಈ ವಾರದ್ದು ಖಲಾಸ್" ಅನ್ನುತ್ತಿದ್ದರು. ಕಟ್ಟಡದಲ್ಲಿ ಕೆಟ್ಟ ನಿದ್ದೆಗೆ ಊಟದ ಪರಿಹಾರ ಪಡೆಯುತ್ತಿದ್ದವನು ಅವನೊಬ್ಬನೇ.

ಗಂಗೆ ಈಜಿಪ್ಟಿಗೆ ಹೋದದ್ದು

ಶಾಲೆಯಲ್ಲಿ ಮಾಸ್ತರರು ನದಿಗಳ ಹೆಸರನ್ನು ರಾಗ ಹಾಕಿ ಕಲಿಸುತ್ತಿದ್ದರು. ಭಾರತದ ನದಿಗಳಿಗೆ ಒಂದು ರಾಗ, ಆಫ್ರಿಕಾದವಕ್ಕೆ ಇನ್ನೊಂದು. ಪರೀಕ್ಷೆಯ ದಿನ ಕೋಣೆಯ ತುಂಬ ಸಣ್ಣಗೆ ಗುಂಯ್ ಅನ್ನುವ ಸದ್ದು. ಕಾಯಲು ಬಂದಿದ್ದ ಮೇಡಂ ಗಾಬರಿಯಾಗಿ ಪ್ರಿನ್ಸಿಪಾಲರನ್ನೇ ಕರೆತಂದರು, ಇಡೀ ತರಗತಿ ಒಟ್ಟಿಗೆ ಕಾಪಿ ಹೊಡೆಯುತ್ತಿದೆ ಅಂತ. ಮಾಸ್ತರರು ಬಾಗಿಲಲ್ಲಿ ನಿಂತು ಕಣ್ಣು ಮುಚ್ಚಿ ಕೇಳಿದರು. "ಕಾಪಿ ಅಲ್ಲ ಸರ್, ಎಲ್ಲಾ ಹುಡುಗರೂ ಸ್ವರದಾಗ ಅದಾರ" ಅಂದರು. ಆಮೇಲೆ ಕೊನೆಯ ಬೆಂಚಿನ ಕಡೆ ಬೆರಳು ತೋರಿಸಿದರು. "ಅವನೊಬ್ಬ ರಾಗ ತಪ್ಯಾನ. ನೋಡ್ರಿ, ಗಂಗೀನ್ನ ಈಜಿಪ್ಟಿಗೆ ಒಯ್ದಿರತಾನ."

ಉತ್ತರಪತ್ರಿಕೆ ನೋಡಿದರೆ ಹಾಗೇ ಒಯ್ದಿದ್ದ.

ಮೇಲೆ ನೋಡಿದರೆ

ಇಷ್ಟು ದೇಶ ಸುತ್ತಿದವರಿಗೆ ದಾರಿ ಮಾತ್ರ ತಿಳಿಯುತ್ತಿರಲಿಲ್ಲ. ಒಂದು ಸಂಜೆ ಫಹಾಹೀಲಿನಲ್ಲಿ ಗೆಳೆಯರೊಬ್ಬರ ಮನೆಗೆ ಊಟಕ್ಕೆ ಬಸ್ಸು ಹತ್ತಿ ಹೊರಟರು. ಫಹಾಹೀಲ್ ಇರುವುದು ದಕ್ಷಿಣಕ್ಕೆ. ಸ್ವಲ್ಪ ಹೊತ್ತಿಗೆ ನನಗೆ ಫೋನ್ ಬಂತು, ಪಶ್ಚಿಮದ ತುದಿಯ ಜಹ್ರಾದಿಂದ, ಒಬ್ಬ ಮಲಯಾಳಿಯ ಅಂಗಡಿಯಿಂದ. ಕಾರು ತೆಗೆದುಕೊಂಡು ಹೋದೆ. ಮಾಸ್ತರರು ಅಂಗಡಿಯ ಸ್ಟೂಲಿನ ಮೇಲೆ ಕೂತು ಮಾಲೀಕನಿಗೆ ಕುವೈತಿನ ಭೂಗೋಳ ವಿವರಿಸುತ್ತಿದ್ದರು.

"ಸಾರ್, ಭೂಗೋಳದ ಮೇಷ್ಟ್ರಾಗಿ ನೀವೇ ಹೀಗೆ ಮಾಡಿದರೆ ಹೇಗೆ?" ಅಂದೆ.

"ನಕಾಶೆಯೊಳಗ ಮ್ಯಾಲಿಂದು ಉತ್ತರ ಅಂತ ಗೊತ್ತಿರತದಪಾ" ಅಂದರು. "ಬಸ್ಸಿನ್ಯಾಗ ಮ್ಯಾಲೆ ನೋಡಿದ್ರ ಬರೇ ಫ್ಯಾನ್ ಇತ್ತು."

ಒಬ್ಬರಿಗೆ ಒಂದೇ ಚೀಲ

ಆ ವರ್ಷದ ಆಗಸ್ಟಿನಲ್ಲಿ ಇರಾಕಿನ ಸೈನ್ಯ ಒಳಗೆ ಬಂತು. ಬ್ಯಾಂಕು ಮುಚ್ಚಿತು, ಶಾಲೆ ತೆರೆಯಲೇ ಇಲ್ಲ, ಬ್ರೆಡ್ಡಿಗೆ ಉದ್ದುದ್ದ ಸಾಲು. ಆದರೂ ಶುಕ್ರವಾರದ ಬೈಠಕ್ ನಿಲ್ಲಲಿಲ್ಲ, ಕಿಟಕಿ ಮುಚ್ಚಿಕೊಂಡು ಸಣ್ಣ ದನಿಯಲ್ಲಿ ನಡೆಯಿತು. ಅಂಥ ಒಂದು ಶುಕ್ರವಾರ, ಅರ್ಧ ಹಾಡಿನಲ್ಲಿ, ನಮ್ಮವರೇ ಒಬ್ಬರು ಓಡಿ ಬಂದರು. ಬಾಗ್ದಾದ್ ಮೇಲೆ ಜೋರ್ಡಾನ್ ಗಡಿಗೆ ಹೋಗುವ ಬಸ್ಸು ಕೆಳಗೆ ನಿಂತಿದೆ, ಈಗಲೇ ಹೊರಡಬೇಕು, ಒಬ್ಬರಿಗೆ ಒಂದೇ ಚೀಲ.

ಮಾಸ್ತರರು ಪೇಟಿಯನ್ನೇ ಎತ್ತಿಕೊಂಡು ನಿಂತರು. "ಇದ ನನ್ನ ಚೀಲ."

"ಬಟ್ಟೆ ಬೇಡವಾ ಸಾರ್?"

"ಮೈಮ್ಯಾಲೆ ಅದಾವಲ್ಲ!"

ಬಂದಿದ್ದವರು ಕೈಮುಗಿದರು. "ಅದನ್ನ ಇಡೋ ಜಾಗದಲ್ಲಿ ಎರಡು ಮಕ್ಕಳು ಕೂರ್ತಾರೆ ಮಾಸ್ತರೇ." ಮಾಸ್ತರರು ಪೇಟಿಯನ್ನು ಕೆಳಗಿಟ್ಟರು. ಅವರ ಅಪ್ಪ ಕೊಡಿಸಿದ ಪೇಟಿ ಅದು, ಯಾವ ದೇಶದಲ್ಲೂ ಬಿಟ್ಟು ಬಂದದ್ದಲ್ಲ. ಮಂಚದ ಮೇಲಿನ ಒಳ್ಳೆಯ ಚಾದರ ತಂದು ಹೊದಿಸಿದರು. "ಭೈರವಿ ಹಾಡಿಲ್ಲ. ಅಂದ್ರ ಬೈಠಕ್ ಮುಗಿದಿಲ್ಲ. ಮುಗಸಲಿಕ್ಕೆ ನಾ ಬರಲಿಕ್ಕೇ ಬೇಕು" ಅಂದರು, ನಮಗೋ ಪೇಟಿಗೋ ತಿಳಿಯಲಿಲ್ಲ.

ಕಾಕು ಚೀಲಕ್ಕೆ ಗಂಟು ಹಾಕುತ್ತ ಕೇಳಿದರು: "ನನ್ನ ಫ್ರಿಜ್ಜು, ಮಿಕ್ಸರು, ಹೊಲಿಗಿ ಮಷೀನೂ ಇಲ್ಲೇ ಉಳದ್ವು. ಅವಕ್ಕ ಯಾವ ರಾಗ ಬಾಕಿ ಇಟ್ಟೀರಿ?"

ಗುಡಾರದಲ್ಲಿ

ಬಾಗ್ದಾದ್ ದಾಟಿದ ಮೇಲೆ ಒಂದು ಕಡೆ ದಾರಿ ಕವಲೊಡೆಯಿತು. ಚಾಲಕನಿಗೂ ಅನುಮಾನ, ಬಸ್ಸು ನಿಲ್ಲಿಸಿದ. ಮಾಸ್ತರರು ಎದ್ದು ನಿಂತು ಆತ್ಮವಿಶ್ವಾಸದಿಂದ ಎಡಕ್ಕೆ ಕೈ ತೋರಿಸಿದರು. ಅವರ ಹಿಂದೆಯೇ ಕಾಕು ಸದ್ದಿಲ್ಲದೆ ಬಲಕ್ಕೆ ಕೈ ತೋರಿಸಿದರು. ಚಾಲಕ ಸಂಸಾರಸ್ಥನಿರಬೇಕು, ಬಲಕ್ಕೇ ತಿರುಗಿಸಿದ. ಗಡಿ ಸಿಕ್ಕಿತು.

ಗಡಿಯಾಚೆ ಮರುಭೂಮಿಯಲ್ಲಿ ಗುಡಾರದ ವಾಸ. ವಿಮಾನದ ಸರದಿ ಯಾವಾಗ ಬರುತ್ತದೋ ಗೊತ್ತಿಲ್ಲ, ಊಟದ ಲಾರಿಯ ನಂಬಿಕೆಯೂ ಇಲ್ಲ. ಅಳುವ ಮಕ್ಕಳನ್ನು ಸುತ್ತ ಕೂರಿಸಿಕೊಂಡು ಮಾಸ್ತರರು ಆಫ್ರಿಕಾದ ನದಿಗಳನ್ನೆಲ್ಲ ಹಾಡಿದರು. ಒಂದು ಸಂಜೆ ಹಸಿವು ತಡೆಯದೆ ನಮ್ಮ ಇಂಜಿನಿಯರ್ ಅಂದರು, "ಮಾಸ್ತರೇ, ಭೈರವಿ ಹಾಡಿಬಿಡಿ. ಸಾಲ್ಮಿಯಾದಲ್ಲಿ ಅದು ಹಾಡಿದ ಕೂಡಲೇ ಊಟ ಬರ್ತಿತ್ತು, ಇಲ್ಲೂ ಬಂದರೂ ಬಂದೀತು."

"ಅದೊಂದು ಕೇಳಬ್ಯಾಡ್ರಿ" ಅಂದರು ಮಾಸ್ತರರು. "ಅದನ್ನ ಪೇಟಿ ಮುಂದ ಕೂತ ಮುಗಸಬೇಕು."

ಆ ಸಂಜೆ ಲಾರಿ ಬರಲೇ ಇಲ್ಲ. ಇಡೀ ಗುಡಾರ ಬೈದದ್ದು ಲಾರಿಯವನನ್ನಲ್ಲ, ಮಾಸ್ತರರನ್ನು.

ಕಳ್ಳರೂ ಕಲೆಯೂ

ಯುದ್ಧ ಮುಗಿದು, ೧೯೯೧ರಲ್ಲಿ ಶಾಲೆ ಮತ್ತೆ ತೆರೆದಾಗ ಮಾಸ್ತರರು, ಕಾಕು ಇಬ್ಬರೂ ಕುವೈತಿಗೆ ವಾಪಸ್ ಬಂದರು. ಊರಲ್ಲಿ ಎಲ್ಲರೂ ಬೇಡ ಅಂದರಂತೆ, ಮಾಸ್ತರರು ಕೇಳಲಿಲ್ಲ. ಮೊದಲೇ ಬಂದಿದ್ದ ನಾನು ವಿಮಾನ ನಿಲ್ದಾಣಕ್ಕೆ ಹೋದೆ. ಅವತ್ತೂ ಶುಕ್ರವಾರವೇ. ಎಣ್ಣೆ ಬಾವಿಗಳ ಹೊಗೆಗೆ ಆಕಾಶ ಇನ್ನೂ ಮಂಕಾಗಿತ್ತು. ದಾರಿಯುದ್ದಕ್ಕೂ ಅವರು ಆಡಿದ್ದು ಒಂದೇ ಮಾತು: "ಪೇಟಿ ಇದ್ದೀತೇನೋ ತಮ್ಮಾ?" ನನ್ನ ಮನೆ ಗುಡಿಸಿ ಗುಂಡಾಂತರವಾಗಿದ್ದದ್ದನ್ನು ನೋಡಿದ್ದೆ. ಅವರದನ್ನು ನೋಡುವ ಧೈರ್ಯ ಬಂದಿರಲಿಲ್ಲ.

ಬೀಗ ಒಡೆದಿತ್ತು. ಫ್ರಿಜ್ಜಿಲ್ಲ, ಮಿಕ್ಸರಿಲ್ಲ, ಹೊಲಿಗೆ ಮಷೀನಿಲ್ಲ, ಮಂಚವಿಲ್ಲ, ಬಚ್ಚಲಿನ ನಲ್ಲಿ ಕೂಡ ಇಲ್ಲ. ಖಾಲಿ ಹಾಲಿನ ನಟ್ಟನಡುವೆ ಪೇಟಿ ಕೂತಿತ್ತು. ಹೊದಿಸಿದ್ದ ಚಾದರ ಮಾತ್ರ ಒಯ್ದಿದ್ದರು.

ಮಾಸ್ತರರು ಅದರ ಮುಂದೆ ಕುಸಿದು ಕೂತು, ಧೂಳನ್ನು ಪಂಚೆಯಿಂದ ಒರೆಸುತ್ತ ಕಣ್ಣೂ ಒರೆಸಿಕೊಂಡರು. ಆಮೇಲೆ ಚೇತರಿಸಿಕೊಂಡು ಭಾಷಣವನ್ನೇ ಶುರುಮಾಡಿದರು. "ನೋಡಿದಿ ತಮ್ಮಾ, ಕಲಾ ಅಂದ್ರ ಇದು! ಲೂಟಿ ಮಾಡೋವರೂ ಮನುಷ್ಯಾರ. ಸರಸ್ವತೀನ್ನ ಕಂಡು ಕೈ ನಡಗಿರಬೇಕು, ನಮಸ್ಕಾರ ಮಾಡಿ ಬಿಟ್ಟು ಹೋಗ್ಯಾರ."

ಅಷ್ಟರಲ್ಲಿ ಸದ್ದು ಕೇಳಿ ಹಾರಿಸ್ ಮೇಲೆ ಬಂದ. ಇರಾಕಿನವರಿದ್ದ ಏಳು ತಿಂಗಳೂ ಕಟ್ಟಡ ಬಿಟ್ಟು ಹೋಗದವನು. ಮಾಸ್ತರರನ್ನು ತಬ್ಬಿಕೊಂಡ, ಕಾಕುಗೆ ಸಲಾಂ ಮಾಡಿದ. ಪೇಟಿಯ ಕಡೆ ನೋಡಿ ನಿಟ್ಟುಸಿರು ಬಿಟ್ಟು, ಅರ್ಧ ಅರಬ್ಬಿ ಅರ್ಧ ಹಿಂದಿಯಲ್ಲಿ ನಡೆದದ್ದನ್ನು ಹೇಳಿದ. "ಫ್ರಿಜ್ ಒಯ್ಯಬೇಡಿ ಅಂತ ಕೈಮುಗಿದೆ, ಒಯ್ದರು. ಮಂಚ ಒಯ್ಯಬೇಡಿ ಅಂದೆ, ಒಯ್ದರು. ಕೊನೆಗೆ ದೇವರಾಣೆ, ಈ ಪೆಟ್ಟಿಗೆಯನ್ನಾದರೂ ತೆಗೆದುಕೊಂಡು ಹೋಗಿ ಅಂತ ಕಾಲು ಹಿಡಿದೆ. ಒಬ್ಬ ಒಮ್ಮೆ ಒತ್ತಿ ನೋಡಿದ. ಬೇಡ ಅಂದುಬಿಟ್ಟ!"

ಕಾಕು ನಗು ತಡೆಯಲಾರದೆ ಗೋಡೆಗೊರಗಿ ಅಲ್ಲೇ ಕೂತರು. ಆ ಮನೆ ಬಿಟ್ಟು ಹೊರಟ ಮೇಲೆ ಅವರು ಹಾಗೆ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮಾಸ್ತರರು ಯಾರನ್ನೂ ನೋಡಲಿಲ್ಲ. ಪೇಟಿಯ ತಿದಿ ಎಳೆದರು. ಎರಡು ಸ್ವರ ಕೆಮ್ಮಿದವು, ಉಳಿದವು ಎದ್ದವು. ಒಂದು ವರ್ಷ ಬಾಕಿ ಉಳಿದಿದ್ದ ಭೈರವಿಯನ್ನು ಕಣ್ಣು ಮುಚ್ಚಿ, ಮೊದಲಿಂದ ಕೊನೆಯವರೆಗೆ ಹಾಡಿದರು. ಅಷ್ಟು ಚೆಂದವಾಗಿ ಅವರು ಹಾಡಿದ್ದನ್ನು ನಾನು ಕೇಳಿರಲಿಲ್ಲ. ಹಾರಿಸ್ ಕೂಡ ಬಾಗಿಲಿಗೆ ಒರಗಿ ತಲೆಯಾಡಿಸುತ್ತಿದ್ದ. ಹಾಡು ನಿಂತಿತು. ಅವನು ಹಳೆಯ ಅಭ್ಯಾಸದಂತೆ ಮೆಲ್ಲಗೆ ಕೇಳಿದ:

"ಖಲಾಸ್?"

ಮಾಸ್ತರರು ಕಣ್ಣು ತೆರೆದು, ಪಂಚೆ ಸರಿಮಾಡಿಕೊಂಡು, ಚಕ್ಕಳಮಕ್ಕಳ ಹಾಕಿ ಗಟ್ಟಿಯಾಗಿ ಕೂತರು.

"ಹೋದ ವರ್ಷದ್ದು ಖಲಾಸ್" ಅಂದರು. "ಇವತ್ತಿಂದು ಇನ್ನ ಈಗ ಶುರು."