ನಪಾಸಾದ ಏಡಿಗಳು

ಕಡಲತೀರದ ಮರಳು ಕಾದು ಏಡಿಗಳು ಸಾಯತೊಡಗಿದ್ದರಿಂದ, ಅವುಗಳಿಗೆ ಬಿಸಿಲು ತಾಳಿಕೊಳ್ಳುವ ತರಬೇತಿ ಕೊಡುವ ಹೊಣೆಯನ್ನು ರಾಯಚೂರಿಗೆ ವಹಿಸಲಾಯಿತು. ಇಲ್ಲಿ ಸಮುದ್ರವಿಲ್ಲ ಎಂಬುದನ್ನು ಸರ್ಕಾರಿ ಆದೇಶವೇ ಒಪ್ಪಿಕೊಂಡಿತ್ತು. ಬಿಸಿಲಿನಲ್ಲಿ ನಮಗಿರುವ ಹಿರಿತನವನ್ನು ಮಾತ್ರ ಎತ್ತಿ ಹೇಳಿತ್ತು. ಊರು ಹಿಗ್ಗಿತು. ಇಷ್ಟು ವರ್ಷ ಸುಮ್ಮನೆ ಬೆವರಿದ್ದು ವಿದ್ಯೆಯೆಂದು ಯಾರಿಗೆ ಗೊತ್ತಿತ್ತು!

ದೇವದುರ್ಗದ ಹೊಳೆದಂಡೆಯಿಂದ ಮರಳು ಬಂತು, ಕಡಲಿನಿಂದ ಒಂದು ಬುಟ್ಟಿ ಏಡಿಗಳು ಬಂದವು. ಪಾಠ ಹೇಳುವ ಕೆಲಸ ತರಬೇತಿ ಕೇಂದ್ರದ ಜವಾನ ಮರಿಸ್ವಾಮಿಗೆ ಬಿತ್ತು. ವಿಭೂತಿ ಹಚ್ಚದೆ ನೀರು ಮುಟ್ಟದ ಮನುಷ್ಯ. ನಿಯಮದಂತೆ ಏಡಿಗಳನ್ನು ಅಂಗಳದ ಮರಳಿಗೆ ಬಿಟ್ಟು ಚಹಾ ಕುಡಿದು ಬಂದರೆ, ಒಂದು ಅಂಗಾತ ಬಿದ್ದು ಕಾಲು ಬಡಿಯುತ್ತಿತ್ತು.

"ಯಪ್ಪಾ ಶಿವನೇ, ಈ ಪಾಪ ನನ್ನ ತಲಿಗಿ ಕಟ್ಟಬ್ಯಾಡ!"

ಎಲ್ಲವನ್ನೂ ಬಾಚಿಕೊಂಡು ಹೋಗಿ ಸಾಹೇಬರ ಕೂಲರಿನ ನೀರಿಗೆ ಬಿಟ್ಟು, ಹಿಡಿ ಉಪ್ಪು ಹಾಕಿದ.

"ಉಪ್ಪಾತು, ಮಸಾಲಿ ಯಾವಾಗ ಹಾಕ್ತಿ ಸ್ವಾಮಿ?" ಎಂದ ಡ್ರೈವರ್ ಕುತುಬುದ್ದೀನ್.

"ಸುಮ್ಕಿರಲೇ ಕುತುಬು, ಅವೂ ಶಿವನ ಮಕ್ಕಳ."

ಸಾಹೇಬ ಪ್ರಭುರಾಜರು ಮೂಗೆತ್ತಿದರು. "ಗಾಳಿ ಏನೋ ವಾಸನಿ ಹೊಡಿಯಾಕತ್ತದಲ್ಲೋ?"

"ಕಡಲ ಗಾಳಿರೀ ಸಾಹೇಬ್ರ."

ಏಡಿಗಳನ್ನು ಪರೀಕ್ಷಿಸಲು ಮೇಲಿನ ಕಚೇರಿಯಿಂದ ಬಂದ ಸ್ವಪ್ನಾ ಮೇಡಂ ಬಿಸಿಲಿಗೆ ಹೆದರಿ ಕೂಲರಿನೆದುರೇ ಕುಳಿತರು. "ಏಡಿ ಎಲ್ಲಿ?"

ಹಣೆಯ ಮೇಲೆ ವಿಭೂತಿ ಇಟ್ಟುಕೊಂಡು ಸುಳ್ಳಾಡುವುದು ಹೇಗೆ? "ಕೂಲರಿನ್ಯಾಗ ಅದಾವ್ರಿ, ಅವ್ವಾರ."

ಸಾಹೇಬರು ಕಣ್ಣು ಮುಚ್ಚಿದರು. ಮೇಡಂ ಬಗ್ಗಿ ನೋಡಿ, ಷರಾ ಬರೆಸಿದರು: 'ಹೊರಗೆ ನಲವತ್ತನಾಲ್ಕು ಡಿಗ್ರಿ ಇದ್ದಾಗ್ಯೂ ಸದರಿ ಏಡಿಗಳು ಜೀವಂತ ಇರುತ್ತವೆ. ತರಬೇತಿ ಯಶಸ್ವಿ. ಉತ್ತೀರ್ಣ ಜೀವಿಗಳಿಗೆ ನೆರಳು ಅನಗತ್ಯವಾದ್ದರಿಂದ, ಕೂಡಲೇ ಕಡಲತೀರದ ಬಿಸಿ ಮರಳಿಗೆ ಹಿಂದಿರುಗಿಸತಕ್ಕದ್ದು.'

ಮರಿಸ್ವಾಮಿ ಕೂಲರಿಗೆ ಅಡ್ಡ ನಿಂತ. "ಅಲ್ಲಿ ಕೂಲರ್ ಇಲ್ಲಲ್ರೀ?"

"ಪಾಸಾದವ್ರಿಗೆ ಕೂಲರ್ ಯಾಕ್ರಿ?"

"ಹಂಗಾರ ನಪಾಸ್ ಮಾಡ್ರಿ ಅವ್ವಾರ, ಕೈ ಮುಗಿತೀನಿ. ಇವಕ್ಕ ಒಂದು ಅಕ್ಷರ ಬಂದಿಲ್ಲ."

ನಪಾಸಾದರೆ ತರಬೇತಿ ಕೇಂದ್ರ ಇನ್ನೊಂದು ವರ್ಷ ನಡೆಯುತ್ತದೆಂಬುದು ಸಾಹೇಬರಿಗೆ ಥಟ್ಟನೆ ಹೊಳೆಯಿತು. "ಖರೇ ಅದರೀ ಮೇಡಂ, ಭಾಳ ದಡ್ಡ ಅದಾವ."

ಷರಾ ತಿದ್ದಲಾಯಿತು. ಏಡಿಗಳು ಈಗಲೂ ಕೂಲರಿನಲ್ಲೇ ಓದುತ್ತಿವೆ. ಅವು ಪಾಸಾಗುವವರೆಗೆ ಕಡಲು ಕಾಯಬೇಕೆಂದು ಆದೇಶವಾಗಿದೆ. ಉಪ್ಪುಗಾಳಿಗೆ ಸಾಹೇಬರ ಕುರ್ಚಿ ತುಕ್ಕು ಹಿಡಿದಿದೆ, ಯಾರ ತಕರಾರೂ ಇಲ್ಲ. ಪ್ರತಿ ವರ್ಷ ಪರೀಕ್ಷೆಯ ಮುಂಜಾನೆ ಮರಿಸ್ವಾಮಿ ಕೂಲರಿಗೆ ವಿಭೂತಿ ಹಚ್ಚಿ, ಊದಿನಕಡ್ಡಿ ಬೆಳಗುತ್ತಾನೆ:

"ಶಿವನೇ, ಈ ಸಲಾನೂ ನಪಾಸ್ ಮಾಡಪ್ಪಾ."