ಎಣ್ಣೆಬಣ್ಣದಲ್ಲಿ ಒಂದು ಹೊಲ

ಬಯಲಲ್ಲಿ ಚಿತ್ರ ಬರೆಯಲು ಕೂತವನ ಬೆನ್ನ ಹಿಂದೆ ನಾಲ್ಕು ಜನ ಬಂದು ನಿಂತು ಬುದ್ಧಿ ಹೇಳದೆ ನಮ್ಮ ಕಡೆ ಹೊತ್ತು ಮುಳುಗುವುದಿಲ್ಲ. ಎಂಬತ್ತರ ದಶಕದ ಕೊನೆಗೆ ನಾನು ಅಂಕಲಿಯಲ್ಲಿ ಹಂಗಾಮಿ ಡ್ರಾಯಿಂಗ್ ಮಾಸ್ತರ. ಹಳ್ಳಿಯ ನೋಟವೊಂದನ್ನು ಎಣ್ಣೆಬಣ್ಣದಲ್ಲಿ ಬರೆದು ಪರೀಕ್ಷೆ ಪಾಸಾದರೆ ನೌಕರಿ ಕಾಯಂ. ಮೂರು ಸಲ ಕೂರಬಹುದು, ಮೂರೂ ತಪ್ಪಿದರೆ ಮನೆಗೆ. ಕಲಿಸುವವರಿಲ್ಲ. ಒಂದು ಹಳೆಯ ಪುಸ್ತಕವಿತ್ತು, ಅಷ್ಟೇ.

ಒಣಗದ ಹೊಲ

ಬಣ್ಣಕ್ಕೆ ಅಗಸೆ ಎಣ್ಣೆ ಬೆರೆಸಬೇಕೆಂದು ಪುಸ್ತಕ ಹೇಳಿತ್ತು. ಚಿತ್ರ ಅರ್ಧವಾಗುವಾಗ ಶೀಶೆ ಮುಗಿಯಿತು. ಎಣ್ಣೆ ಎಣ್ಣೆಯೇ ಅಲ್ಲವೇ ಎಂದು ಅಡುಗೆಮನೆಯ ಶೇಂಗಾ ಎಣ್ಣೆ ಸುರಿದೆ. ಪರೀಕ್ಷಕರು ಮುಟ್ಟಿ ನೋಡಿ, ಕೈ ಒರೆಸಿಕೊಂಡು, ಫೇಲ್ ಮಾಡಿದರು. ಮರಳಿ ತಂದು ತಿಂಗಳಾನುಗಟ್ಟಲೆ ಮಾಳಿಗೆಯ ಮೇಲೆ ಬಿಸಿಲಿಗಿಟ್ಟರೂ ಅದು ಬೆರಳಿಗೆ ಅಂಟುತ್ತಲೇ ಇತ್ತು. ಪಕ್ಕದಲ್ಲಿ ಸಂಡಿಗೆ ಹಾಕಿದ್ದ ಹೆಂಡತಿ ಕೇಳಿದಳು:

“ಹಪ್ಪಳ ಒಣಗಿದುವು, ಸಂಡಿಗಿ ಒಣಗಿದುವು. ನಿಮ್ಮ ಹೊಲ ಅಷ್ಟ ಒಣಗವಲ್ದಲ್ರಿ. ನೀರು ಬಾಳ ಬಿಟ್ಟೀರೇನು?”

ಕಬ್ಬು

ಮರುವರ್ಷ ಬೇಡಕಿಹಾಳದ ರೈತನೊಬ್ಬನ ಕಬ್ಬಿನ ಮುಂದೆ ಎಂಟು ರವಿವಾರ ಕೂತೆ. ಒಂಬತ್ತನೆಯ ರವಿವಾರ ಹೋದರೆ ಹೊಲ ಬೋಳು. ಕಬ್ಬು ಕಡಿಯುವ ಆಳುಗಳ ಟೋಳಿ ಬಂದು ಹೋಗಿತ್ತು. ಅಳುವುದೊಂದು ಬಾಕಿ.

“ಸಕ್ರಿ ಕಾರ್ಖಾನಿ ಗಾಡಿ ಬಂದಮ್ಯಾಲ ನಿಂದರತೈತೇನ್ರಿ ಮಾಸ್ತರ?” ಎಂದ ರೈತ, ನನ್ನ ಅರೆಬರೆ ಚಿತ್ರವನ್ನು ನೋಡಿ ಸಮಾಧಾನ ಹೇಳಿದ: “ನಿಮ್ಮ ಕಬ್ಬು ಇನ್ನೂ ಮಾಗಿಲ್ಲ ಬಿಡ್ರಿ. ಮುಂದಿನ ವರ್ಷ ಕಡೀರಿ.”

ಅರೆಬರೆಯನ್ನೇ ಕಳಿಸಿದೆ. ಪರೀಕ್ಷಕರೂ ಫೇಲ್ ಮಾಡಿ ಹೆಚ್ಚುಕಡಿಮೆ ರೈತನ ಮಾತನ್ನೇ ಬರೆದಿದ್ದರು.

ಬೇವಿನ ಗಿಡ

ಇದು ಕೊನೆಯ ಸಲ. ಅಂಕಲಿಯಲ್ಲೇ, ಅಣ್ಣತಮ್ಮಂದಿರಿಬ್ಬರು ಪಾಲು ಮಾಡಿಕೊಂಡ ಹೊಲ. ನಡುವಿನ ಬದುವಿನ ಮೇಲೆ ಬೇವಿನ ಗಿಡ. ಅದು ಯಾರದೆಂದು ಅವರಿಬ್ಬರಲ್ಲಿ ಜಗಳವಿದ್ದದ್ದು ನನಗೆ ಗೊತ್ತಿರಲಿಲ್ಲ. ಚಿತ್ರದ ನಟ್ಟನಡುವೆ ಗಿಡ ಬರಬಾರದೆಂದು ಪುಸ್ತಕ ಹೇಳಿತ್ತು. ಬದುವಿನಿಂದ ಎಡಕ್ಕೆ ನಾಲ್ಕು ಬೆರಳು ಸರಿಸಿದೆ. ನಾಳೆ ಬೆಳಿಗ್ಗೆ ಚಿಕ್ಕೋಡಿಗೆ ಒಯ್ದು ಕೊಡಬೇಕು ಎನ್ನುವಾಗ ಆ ಇಬ್ಬರಲ್ಲಿ ಅಣ್ಣನಾದವನು ಬಂದು ನೋಡಿದ.

“ನೋಡ್ರೆಪಾ! ಓದಿದ ಮಾಸ್ತರ ಕಣ್ಣಾರೆ ಕಂಡು ಬರದಾರ. ಗಿಡ ನನ್ನ ಪಾಲಿನಾಗ ಐತಿ!”

ಹಸಿ ಚಿತ್ರವನ್ನು ಎತ್ತಿಕೊಂಡು ನಡೆದೇಬಿಟ್ಟ. ಹಿಂದೆ ತಮ್ಮ, ಅವನ ಹಿಂದೆ ನಾನು. ಚಾವಡಿಯಲ್ಲಿ ಐವರು ಹಿರಿಯರು ಕೂತರು. ಅದು ಅಂದಕ್ಕಾಗಿ ಸರಿಸಿದ್ದು ಎಂದು ನಾನು ಬಡಕೊಂಡೆ.

“ಅಂದಕ್ಕ ಅಂತ ಮಂದಿ ಗಿಡ ಸರಸ್ತೀರೇನ್ರಿ?” ಎಂದ ತಮ್ಮ.

ಗಿಡ ಇಬ್ಬರಿಗೂ ಸೇರಿದ್ದು, ಚಿತ್ರದಲ್ಲೂ ನಡುವೆಯೇ ನಿಲ್ಲಬೇಕು ಎಂದು ತೀರ್ಪಾಯಿತು. ಸಾಕಾಗಿ ಹೋಗಿತ್ತು ನನಗೆ. ಅಲ್ಲೇ ಕೂತು ಎಡಗಡೆಯ ಗಿಡ ಒರೆಸಿ ನಡುವೆ ಬರೆದೆ. ಮಾಸ್ತರ ಮತ್ತೆ ಕೈಯಾಡಿಸಬಾರದೆಂದು ಐವರು ಹಿರಿಯರೂ ಅಣ್ಣತಮ್ಮಂದಿರೂ ಹಸಿ ಬಣ್ಣದ ಮೂಲೆಯಲ್ಲಿ ಸಾಲಾಗಿ ಹೆಬ್ಬೆಟ್ಟು ಒತ್ತಿದರು.

ಚಿಕ್ಕೋಡಿಯಲ್ಲಿ ಪರೀಕ್ಷಕರು ಕನ್ನಡಕ ಸರಿಮಾಡಿಕೊಂಡರು.

“ಗಿಡ ಯಾಕೆ ನಟ್ಟನಡುವೆ?”

“ಪಂಚರ ತೀರ್ಪು ಸರ್.”

“ಈ ಬೆರಳಚ್ಚುಗಳು? ಎಷ್ಟು ಜನ ಸೇರಿ ಬರೆದಿರಿ?”

ಮೂರು ವರ್ಷದ ದಣಿವೆಲ್ಲ ಒಟ್ಟಿಗೇ ಬಂತು. ನೌಕರಿ ಹೋಯಿತೆಂದೇ ತಿಳಿದು ಎಲ್ಲ ಹೇಳಿಬಿಟ್ಟೆ. “ಬರದಾಂವ ನಾ ಒಬ್ಬನ್ರಿ ಸರ್. ಒಪ್ಪಿದವರು ಏಳು ಮಂದಿ.”

ಅವರು ನಗು ತಡೆಯಲಾಗದೆ ಕಣ್ಣೊರೆಸಿಕೊಂಡರು. ಆಮೇಲೆ ನನ್ನ ಕಾಗದ ಎಳೆದುಕೊಂಡು ‘ಪಾಸು’ ಎಂದು ಬರೆದು ಸಹಿ ಹಾಕಿದರು.

“ತಗೊಳ್ಳಿ, ಎಂಟನೆಯವನು ನಾನು.”