ಮಸ್ಕತ್ತಿನಿಂದ ಮೂರು ಗಂಟೆ

"ಅಮ್ಮನ ವಿಮಾನ ನಾಳೆ ಮಧ್ಯಾಹ್ನ ಹನ್ನೆರಡಕ್ಕೆ ಇಲ್ಲಿಂದ ಹೊರಡ್ತದೆ ಅಪ್ಪ. ಮಂಗಳೂರಿಗೆ ಮೂರು ಗಂಟೆ" ಎಂದು ಮಸ್ಕತ್ತಿನಿಂದ ಮಗಳು ಪ್ರಾಪ್ತಿ ಹೇಳಿದ ಒಂದು ಮಾತು ಕಮಲಾಕ್ಷನ ನಿದ್ದೆ ಕೆಡಿಸಿತು.

ಮಗಳ ಬಾಣಂತನಕ್ಕೆ ಹೋಗಿದ್ದ ಹೆಂಡತಿ ನೀಲಾವತಿ ಮೂರು ತಿಂಗಳ ಮೇಲೆ ಬರುತ್ತಿದ್ದಳು. ಅವಳನ್ನು ಕರೆತರಲು ಹೋದಲ್ಲೆಲ್ಲ ತಡವಾಗಿ ತಲುಪುವುದು ಕಮಲಾಕ್ಷನ ಹಳೆಯ ಕಾಯಿಲೆ. ಒಮ್ಮೆ ರೈಲಿಳಿದು ಕಾದು ಸುಸ್ತಾದ ನೀಲಾವತಿ ಬಸ್ಸಿನಲ್ಲಿ ಮನೆ ಸೇರಿದಾಗ, ಇವನಿನ್ನೂ ಅಂಗಳದಲ್ಲಿ ಕಾರು ಒರೆಸುತ್ತಿದ್ದ. ಈ ಸಲ ಮಾತ್ರ ಅವಳಿಗಿಂತ ಮೊದಲೇ ಹೋಗಿ ನಿಲ್ಲಬೇಕೆಂದು ಅವನು ಪಣ ತೊಟ್ಟ.

ಬೆಳಿಗ್ಗೆ ಮಿಜಾರಿನ ತನ್ನ ಕ್ಯಾಂಟೀನಿನಲ್ಲಿ ವಿಷಯ ಎತ್ತಿದ್ದೇ ತಪ್ಪಾಯಿತು. ಹನ್ನೆರಡಕ್ಕೆ ಹೊರಟದ್ದು ಮೂರಕ್ಕೆ ಇಳಿಯುತ್ತದೆ, ಇದರಲ್ಲಿ ಯೋಚಿಸಲಿಕ್ಕೆ ಏನುಂಟು ಎಂದ ಅಡುಗೆಯ ಶೇಖರ. ಮಸ್ಕತ್ತಿನಲ್ಲಿ ಹತ್ತು ವರ್ಷ ದುಡಿದು ಬಂದಿದ್ದ ನಿಝಾಮುದ್ದೀನ್ ಚಹಾದ ಗ್ಲಾಸು ಕೆಳಗಿಟ್ಟ.

"ಅಲ್ಲಿಗೂ ಇಲ್ಲಿಗೂ ಗಡಿಯಾರದಲ್ಲಿ ಒಂದೂವರೆ ಗಂಟೆ ವ್ಯತ್ಯಾಸ ಉಂಟು ಮಾರಾಯ್ರೆ."

ಅದನ್ನು ಕೂಡಿಸಬೇಕೋ ಕಳೆಯಬೇಕೋ ಎಂದು ಕೇಳಿದರೆ ಅವನು ತಲೆ ಕೆರೆದುಕೊಂಡ. ಹೋಗುವಾಗ ಒಂದು, ಬರುವಾಗ ಇನ್ನೊಂದು ಎಂಬಷ್ಟೇ ಅವನಿಗೆ ನೆನಪಿತ್ತು. ಚಾರ್ಮಾಡಿ ಘಾಟಿಯ ಹಾಗೆ ವಿಮಾನಕ್ಕೂ ಒಂದು ಕಡೆ ಏರು, ಇನ್ನೊಂದು ಕಡೆ ಇಳಿಜಾರು ಇರಬೇಕೆಂದು ಶೇಖರ ವಿವರಿಸಿದ. ಅಷ್ಟರಲ್ಲಿ ಕಾವಲಿಯ ದೋಸೆ ಟಾರು ರಸ್ತೆಯಂತಾಗಿತ್ತು.

ಕಳೆದರೆ ಒಂದೂವರೆ, ಕೂಡಿಸಿದರೆ ನಾಲ್ಕೂವರೆ, ಎರಡೂ ಬಿಟ್ಟರೆ ಮೂರು. ಯಾವುದೂ ತಪ್ಪಬಾರದೆಂದು ಕಮಲಾಕ್ಷ ಊಟವನ್ನೂ ಬಿಟ್ಟು ಒಂದೂವರೆಗಿಂತ ಮುಂಚೆಯೇ ವಿಮಾನ ನಿಲ್ದಾಣದಲ್ಲಿದ್ದ.

ಒಂದೂವರೆಯಾಯಿತು, ಮೂರಾಯಿತು. ಮಗಳಿಗೂ ಹೆಂಡತಿಗೂ ಮತ್ತೆ ಮತ್ತೆ ಕರೆ ಮಾಡಿದರೂ ಯಾರೂ ಎತ್ತದೆ, ಕೊನೆಗೆ ಚಾರ್ಜು ಮುಗಿದು ಫೋನು ಸತ್ತಿತು. ನಾಲ್ಕೂವರೆಗೆ ಹೊರಬಂದ ಪ್ರತಿಯೊಂದು ಟ್ರಾಲಿಯ ಹಿಂದೆಯೂ ಕಳೆದುಹೋದ ಕರುವನ್ನು ಹುಡುಕುವ ಹಸುವಿನಂತೆ ಇಣುಕಿದ. ನೀಲಾವತಿ ಇರಲಿಲ್ಲ. ಬಾಗಿಲ ಕಾವಲುಗಾರನನ್ನು ಕೇಳಿದಾಗ, "ಈಗ ಮಸ್ಕತ್ತಿಂದು ಯಾವುದೂ ಇಲ್ಲ" ಎಂಬ ಉತ್ತರ ಬಂತು.

ಹಾಗಾದರೆ ಎಲ್ಲ ಬಂದು ಮುಗಿದಿದೆ ಎಂದುಕೊಂಡ ಕಮಲಾಕ್ಷ. ತನ್ನ ಕಣ್ಣು ತಪ್ಪಿಸಿ, ಮುನಿಸಿಕೊಂಡು, ಟ್ಯಾಕ್ಸಿಯಲ್ಲಿ ಮನೆಗೇ ಹೋಗಿದ್ದಾಳೆ. ಅವನು ಕಾರು ಓಡಿಸಿದ ರಭಸಕ್ಕೆ ಎದುರಿನ ಬಸ್ಸಿನವರೇ ದಾರಿ ಬಿಟ್ಟರು.

ಮನೆಗೆ ಹಾಕಿದ ಬೀಗ ಹಾಗೇ ಇತ್ತು. ಒಳಗೆ ಹೋಗಿ ಫೋನನ್ನು ಚಾರ್ಜಿಗೆ ಹಾಕಿ ಸ್ವಲ್ಪ ಹೊತ್ತಿಗೆ ಅದು ರಿಂಗಾಯಿತು. ನೀಲಾವತಿ.

"ನಾನು ಈಗಷ್ಟೇ ಇಳಿದು ಹೊರಗೆ ಬಂದೆ. ನೀವು ಎಲ್ಲಿದ್ದೀರಿ?"

ಗಾಬರಿಯಲ್ಲಿ ಅವನಿಗೆ ಸುಳ್ಳು ಹೊಳೆಯಲಿಲ್ಲ. "ಮನೆಯಲ್ಲಿ."

ಆ ಕಡೆ ನೀಲಾವತಿ ಟ್ರಾಲಿಯನ್ನು ಬದಿಗೆ ನಿಲ್ಲಿಸಿದ ಸದ್ದು ಕೇಳಿತು.

"ನೀವು ಹೇಗೂ ತಡ ಮಾಡ್ತೀರಿ ಅಂತ ಪ್ರಾಪ್ತಿ ಹತ್ರ ಒಂದೂವರೆ ಗಂಟೆ ಮೊದಲಿನ ಟೈಮ್ ಹೇಳಿಸಿದ್ದೆ. ವಿಮಾನ ಇಲ್ಲಿ ಇಳಿಯುವುದೇ ಆರಕ್ಕೆ. ಆದ್ರೂ ಮನೆಯಲ್ಲೇ ಇದ್ದೀರಲ್ಲ."

ಮಧ್ಯಾಹ್ನದಿಂದ ಅಲ್ಲೇ ಕೂತಿದ್ದೆನೆಂದು ಅವನು ಎಷ್ಟು ಹೇಳಿದರೂ ಅವಳು ನಂಬಲಿಲ್ಲ. ಆದರೆ ನಕ್ಕಳು. ಮೂರು ತಿಂಗಳಿಂದ ಆ ಮನೆಯಲ್ಲಿ ಕೇಳದಿದ್ದ ನಗು.

"ಆಯ್ತು, ನಿಧಾನ ಬನ್ನಿ. ನಾನು ಕಾಯ್ತೇನೆ. ಹಲೋ, ಕೇಳ್ತಾ ಉಂಟಾ?"

ಗೋಡೆಯ ಪಕ್ಕ ಚಾರ್ಜರಿಗೆ ನೇತಾಡುತ್ತಿದ್ದ ಫೋನು ಮಾತ್ರ ಕೇಳಿಸಿಕೊಳ್ಳುತ್ತಿತ್ತು. ಕಮಲಾಕ್ಷನ ಕಾರು ಆಗಲೇ ಗೇಟು ದಾಟಿತ್ತು.